ದೂಳು ಅಂಟಿ ಗ್ರಹವಾಯಿತು ಅಂತಾರೆ, ಒಂದು ಮೀಟರ್ ಗಾತ್ರಕ್ಕೆ ಬಂದಾಗ ಲೆಕ್ಕ ಕೈಕೊಡುತ್ತಲ್ಲ?

ಅರುಂಧತಿ_ವಸಿಷ್ಠ ಕೇಳಿದ್ದು:

ಎಳೆಯ ಸೂರ್ಯನ ಸುತ್ತಲಿನ ತಟ್ಟೆಯಲ್ಲಿ ದೂಳು ಅಂಟಿಕೊಳ್ಳುತ್ತ ಗ್ರಹಗಳಾದವು ಎಂದು ಪಠ್ಯಪುಸ್ತಕ ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತದೆ. ಆದರೆ ತಟ್ಟೆಯ ಅನಿಲಕ್ಕೆ ಒತ್ತಡದ ಆಸರೆ ಇರುವುದರಿಂದ ಅದು ಕಲ್ಲಿಗಿಂತ ತುಸು ನಿಧಾನವಾಗಿ ಸುತ್ತುತ್ತದೆ. ಭೂಮಿ ಇರುವ ದೂರದಲ್ಲಿ ಈ ವ್ಯತ್ಯಾಸ ಸೆಕೆಂಡಿಗೆ ಸುಮಾರು 50 ಮೀಟರ್. ಆ ಎದುರುಗಾಳಿಗೆ ಸಿಕ್ಕಿದ ಮೀಟರ್ ಗಾತ್ರದ ಬಂಡೆ ಒಳಕ್ಕೆ ಜಾರುವ ವೇಗವೂ ಹೆಚ್ಚುಕಡಿಮೆ ಅಷ್ಟೇ. 15 ಕೋಟಿ ಕಿ.ಮೀ.ಯನ್ನು ಅದರಿಂದ ಭಾಗಿಸಿದರೆ ನೂರು ವರ್ಷವೂ ಬರುವುದಿಲ್ಲ! ಗ್ರಹವಾಗುವ ಮೊದಲೇ ಎಲ್ಲವೂ ಸೂರ್ಯನ ಹೊಟ್ಟೆ ಸೇರಬೇಕಿತ್ತು. ಎಲ್ಲಿ ತಪ್ಪಿದೆ? ಚಂದ್ರರು ಹುಟ್ಟುವುದೂ ಇದೇ ದಾರಿಯಲ್ಲೇ?

ಕಲ್ಲುಸಕ್ಕರೆ:

ನಿಮ್ಮ ಲೆಕ್ಕ ಸರಿ. ತಪ್ಪಿರುವುದು ‘ಅಂಟುತ್ತ ಅಂಟುತ್ತ’ ಅನ್ನುವ ಮಾತು. ಮೈಕ್ರಾನ್ ಕಣಗಳು ಅಂಟಿ ಮಿಲಿಮೀಟರ್, ಹೆಚ್ಚೆಂದರೆ ಸೆಂಟಿಮೀಟರ್ ತನಕ ಬೆಳೆಯುತ್ತವೆ. ಆಮೇಲೆ ಡಿಕ್ಕಿಯಾದರೆ ಪುಟಿಯುತ್ತವೆ. ವೇಗ ಸೆಕೆಂಡಿಗೆ ಸುಮಾರು 1 ಮೀಟರ್ ದಾಟಿದರೆ ಸಿಲಿಕೇಟ್ ಕಣಗಳು ಪುಡಿಯಾಗುತ್ತವೆ.

ಹಾಗಾಗಿ ಮೀಟರ್ ಹಂತವನ್ನು ಹತ್ತುವುದಿಲ್ಲ, ಹಾರುತ್ತವೆ. ಯೂಡಿನ್ ಮತ್ತು ಗುಡ್‌ಮನ್ 2005ರಲ್ಲಿ ತೋರಿಸಿದ ‘ಸ್ಟ್ರೀಮಿಂಗ್ ಇನ್‌ಸ್ಟೆಬಿಲಿಟಿ’ ಇದೇ. ಜಾರುವ ಕಣಗಳು ಗುಂಪು ಸೇರಿದ ಕಡೆ ಅನಿಲವನ್ನೂ ತಮ್ಮ ಜೊತೆ ಎಳೆದುಕೊಳ್ಳುತ್ತವೆ. ಅಲ್ಲಿ ಎದುರುಗಾಳಿ ತಗ್ಗಿ ಜಾರುವಿಕೆ ನಿಧಾನವಾಗುತ್ತದೆ, ಹೊರಗಿನಿಂದ ಬರುವ ಕಣಗಳು ಹಿಂದಿನಿಂದ ಬಂದು ಸೇರುತ್ತವೆ. ಟೋಲ್‌ಗೇಟಿನ ಮುಂದೆ ವಾಹನಗಳು ಜಮಾಯಿಸಿದಂತೆ ಅನ್ನಿ. ಗುಂಪು ಸಾಕಷ್ಟು ದಟ್ಟವಾದರೆ ತನ್ನದೇ ಗುರುತ್ವಕ್ಕೆ ಕುಸಿದು, ಬೆಣಚುಕಲ್ಲಿನಿಂದ ನೇರವಾಗಿ 100 ಕಿ.ಮೀ. ಆಸುಪಾಸಿನ ಕಾಯ ಸಿದ್ಧ.

ಇದೂ ಎಲ್ಲ ಕಡೆ ನಡೆಯುವುದಿಲ್ಲ. ತಟ್ಟೆಯ ನಡುಪದರದಲ್ಲಿ ದೂಳಿನ ಸಾಂದ್ರತೆ ಅನಿಲದ ಸಾಂದ್ರತೆಗೆ ಸಮನಾಗಬೇಕು. ಇಡೀ ತಟ್ಟೆಯಲ್ಲಿ ಇರುವುದು ನೂರಕ್ಕೆ ಒಂದು ಪಾಲು ಮಾತ್ರ. ಕಣ ತೀರಾ ನುಣ್ಣಗಿದ್ದರೆ ಅನಿಲದ ಜೊತೆಗೇ ತೇಲುತ್ತದೆ. ಅನಿಲ ಕದಡಿದ್ದರೆ ದೂಳು ಕೆಳಗೆ ಕೂರುವುದೇ ಇಲ್ಲ.

ಸಾಕ್ಷಿ ಬೇಕಿದ್ದರೆ ನೆಪ್ಚೂನಿನ ಆಚೆ ಸುತ್ತುವ ಪುಟ್ಟ ಕಾಯ ಅರೊಕೋತ್ ನೋಡಿ. 2019ರ ಜನವರಿ 1ರಂದು ನಾಸಾದ ನ್ಯೂ ಹೊರೈಜನ್ಸ್ ನೌಕೆ ಅದರ ಪಕ್ಕ ಹಾದುಹೋಯಿತು. ಸುಮಾರು 36 ಕಿ.ಮೀ. ಉದ್ದ, ಎರಡು ಹೋಳು, ಸೇರಿದ ಜಾಗದಲ್ಲಿ ಜಜ್ಜಿದ ಗುರುತಿಲ್ಲ. ಒಂದೇ ಮೋಡ ಮೆಲ್ಲಗೆ ಕುಸಿದರೆ ಮಾತ್ರ ಹೀಗಾಗುತ್ತದೆ.

ಗುರುಬಲ_ಇಲ್ಲ:

ಚಂದ್ರರ ಪ್ರಶ್ನೆಗೆ ಬರುತ್ತೇನೆ. ಮೊದಲು ಮಾಡಬೇಕಾದ್ದು ಒಂದು ಭಾಗಾಕಾರ. ಗುರುವಿನ ಎಲ್ಲ ಚಂದ್ರರ ತೂಕ ಸೇರಿಸಿದರೂ ಗುರುವಿನ ಸುಮಾರು 10,000ದಲ್ಲಿ 2 ಭಾಗ. ಶನಿಯ ವ್ಯವಸ್ಥೆಯಲ್ಲೂ ಸರಿಸುಮಾರು ಅಷ್ಟೇ. ನಮ್ಮ ಚಂದ್ರ ಮಾತ್ರ ಭೂಮಿಯ 81ರಲ್ಲಿ 1 ಭಾಗ. ಅಂದರೆ ದಾರಿ ಒಂದೇ ಅಲ್ಲ.

ಗುರುವಿಗೆ ಅನಿಲ ಸುರಿಯುತ್ತಿದ್ದಾಗ ಅದರ ಸುತ್ತಲೂ ಒಂದು ಮರಿ ತಟ್ಟೆ ಇತ್ತು. ಅಯೊ 3.5, ಯುರೋಪಾ 3.0, ಗ್ಯಾನಿಮೀಡ್ 1.9, ಕ್ಯಾಲಿಸ್ಟೊ 1.8: ಹೊರಗೆ ಹೋದಂತೆ ಸಾಂದ್ರತೆ (ಘನ ಸೆಂಟಿಮೀಟರಿಗೆ ಗ್ರಾಂ ಲೆಕ್ಕದಲ್ಲಿ) ಇಳಿಯುತ್ತದೆ. ಒಳಗೆ ಬಿಸಿ, ಹಿಮ ನಿಲ್ಲಲಿಲ್ಲ. 10,000ದಲ್ಲಿ 2 ಎಂಬ ಮಿತಿಗೆ ಕ್ಯಾನಪ್ ಮತ್ತು ವಾರ್ಡ್ 2006ರಲ್ಲಿ ಕೊಟ್ಟ ವಿವರಣೆ ನನಗೆ ಬಲು ಇಷ್ಟ: ಚಂದ್ರ ದೊಡ್ಡದಾದಷ್ಟೂ ತಟ್ಟೆಯಲ್ಲಿ ಎಬ್ಬಿಸುವ ಅಲೆಗಳಿಂದ ಒಳಕ್ಕೆ ಸರಿದು ಗುರುವಿಗೆ ಬೀಳುತ್ತದೆ, ಆ ಜಾಗದಲ್ಲಿ ಹೊಸದು ಬೆಳೆಯುತ್ತದೆ. ಈಗ ಕಾಣುವ ನಾಲ್ಕು, ಅನಿಲ ಬರಿದಾಗುವ ಹೊತ್ತಿಗೆ ಉಳಿದ ಕೊನೆಯ ತಲೆಮಾರು.

ಇಂಥ ಮರಿ ತಟ್ಟೆ ಕಣ್ಣಿಗೂ ಬಿದ್ದಿದೆ. ಸುಮಾರು 370 ಜ್ಯೋತಿರ್ವರ್ಷ ದೂರದ ಪಿಡಿಎಸ್ 70 ನಕ್ಷತ್ರದ ‘ಸಿ’ ಗ್ರಹದ ಸುತ್ತ ಅಲ್ಮಾ ದೂರದರ್ಶಕ ಅದನ್ನು 2021ರಲ್ಲಿ ಸ್ಪಷ್ಟವಾಗಿ ಬಿಡಿಸಿ ತೋರಿಸಿತು. ಅಡ್ಡಳತೆ ಹೆಚ್ಚುಕಡಿಮೆ ಭೂಮಿ–ಸೂರ್ಯರ ಅಂತರದಷ್ಟು.

ಅರುಂಧತಿ_ವಸಿಷ್ಠ:

ಹಾಗಾದರೆ ನಮ್ಮ ಚಂದ್ರ, ಎಳೆಯ ಭೂಮಿಗೆ ಇನ್ನೊಂದು ಕಾಯ ಬಡಿದು ಹುಟ್ಟಿದ ಡಿಕ್ಕಿಯ ಕೂಸು. ಅದು ಖಚಿತವೇ?

ಕಲ್ಲುಸಕ್ಕರೆ:

ಡಿಕ್ಕಿ ಎನ್ನುವುದಕ್ಕೆ ಆಧಾರ ಗಟ್ಟಿ: ಚಂದ್ರನ ಕಬ್ಬಿಣದ ತಿರುಳು ತೀರಾ ಚಿಕ್ಕದು, ಮೇಲ್ಮೈ ಒಮ್ಮೆ ಪೂರ್ತಿ ಕರಗಿತ್ತು. ಕರಗಿದ ಶಿಲಾಸಾಗರದಲ್ಲಿ ಹಗುರವಾದ ಅನಾರ್ಥೋಸೈಟ್ ಎಂಬ ಶಿಲೆ ಕೆನೆಯಂತೆ ಮೇಲೆ ಕಟ್ಟುತ್ತದೆ. ಚಂದ್ರಯಾನ-3ರ ಪ್ರಗ್ಯಾನ್ ರೋವರ್ 2023ರಲ್ಲಿ ದಕ್ಷಿಣಕ್ಕೆ ಸುಮಾರು 69 ಡಿಗ್ರಿ ಅಕ್ಷಾಂಶದಲ್ಲಿ 23 ಕಡೆ ಮಣ್ಣಿನ ಅಂಶ ಅಳೆದಾಗ ಸಿಕ್ಕಿದ್ದೂ ಬಹುಪಾಲು ಅದೇ.

ತಲೆನೋವು ಇರುವುದು ಆಮ್ಲಜನಕದ ಐಸೊಟೋಪುಗಳಲ್ಲಿ, ಅಂದರೆ ಅದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳಲ್ಲಿ. ಮಂಗಳದ ಗಾತ್ರದ ಥಿಯಾ ಎಂಬ ಕಾಯ ಭೂಮಿಗೆ ಓರೆಯಾಗಿ ಬಡಿಯಿತು ಎಂದು ಸಿಮ್ಯುಲೇಶನ್ ಓಡಿಸಿದರೆ ಚಂದ್ರನ ಬಹುಪಾಲು ಥಿಯಾದ್ದೇ ಆಗುತ್ತದೆ. ಆದರೆ ಕಲ್ಲುಗಳಲ್ಲಿ ಭೂಮಿಯ ಅನುಪಾತವೇ ಕಾಣುತ್ತದೆ. ಥಿಯಾ ಭೂಮಿಯ ನೆರೆಯಲ್ಲೇ ಹುಟ್ಟಿತ್ತು ಎನ್ನುವವರಿದ್ದಾರೆ, ಡಿಕ್ಕಿಯ ರಭಸಕ್ಕೆ ಎರಡೂ ಆವಿಯಾಗಿ ಕಲೆತವು ಎನ್ನುವವರೂ ಇದ್ದಾರೆ. ಎರಡರಲ್ಲೂ ತೂತುಗಳಿವೆ.

ತ್ರಿಶಂಕು:

ಮೂರನೇ ದಾರಿ ಬಿಟ್ಟುಹೋಯಿತು. ನೆಪ್ಚೂನಿನ ಟ್ರೈಟನ್ ಗ್ರಹದ ಆವರ್ತನೆಗೆ ಎದುರು ದಿಕ್ಕಿನಲ್ಲಿ ಸುತ್ತುತ್ತದೆ, ಮರಿ ತಟ್ಟೆಯಲ್ಲಿ ಹುಟ್ಟಿದ್ದು ಹಾಗೆ ಸುತ್ತಲಾರದು. ಅದು ಸೆರೆ ಸಿಕ್ಕಿದ್ದು. ಆದರೆ ಒಂಟಿ ಕಾಯ ಗ್ರಹದ ಹತ್ತಿರ ಬಂದಷ್ಟೇ ವೇಗದಲ್ಲಿ ಹೊರಟುಹೋಗುತ್ತದೆ. ನಿಲ್ಲಬೇಕಾದರೆ ಚಲನಶಕ್ತಿಯನ್ನು ಯಾರಿಗಾದರೂ ದಾಟಿಸಲೇಬೇಕು. ಆಗ್ನಾರ್ ಮತ್ತು ಹ್ಯಾಮಿಲ್ಟನ್ 2006ರಲ್ಲಿ ಮುಂದಿಟ್ಟ ಉಪಾಯ: ಟ್ರೈಟನ್‌ಗೆ ಒಂದು ಜೋಡಿ ಇತ್ತು, ನೆಪ್ಚೂನ್ ಆ ಜೋಡಿಯನ್ನು ಬಿಡಿಸಿತು. ಒಂದು ಶಕ್ತಿ ಹೊತ್ತುಕೊಂಡು ಓಡಿಹೋಯಿತು, ಇನ್ನೊಂದು ಉಳಿಯಿತು. ಕಲ್ಲುಸಕ್ಕರೆ ಹೇಳಿದ ಕುಸಿಯುವ ಮೋಡಗಳು ಜೋಡಿಗಳನ್ನೇ ಹೇರಳವಾಗಿ ಹೆರುತ್ತವೆ, ಹಾಗಾಗಿ ಇದು ದೂರದ ಊಹೆಯೇನಲ್ಲ.