ವೆಬ್ ಡಿಸೈನ್ ಕೆಲಸವನ್ನೇ ಯಾಕೆ ಹಿಡಿದಿರಿ?

ಶನಿವಾರಸಂತೆ_ಹುಡುಗ

ಎಲ್ಲರಿಗೂ ನಮಸ್ಕಾರ. ಬಿಕಾಂ ಮುಗಿಸಿ ಮನೆಯಲ್ಲಿದ್ದೇನೆ. ಅಪ್ಪನ ಹಾರ್ಡ್‌ವೇರ್ ಅಂಗಡಿ ಇದೆ. ಬೆಳಿಗ್ಗೆ ಅಲ್ಲಿ ಕೂರುತ್ತೇನೆ, ಸಂಜೆ ಬ್ಯಾಂಕ್ ಪರೀಕ್ಷೆಗೆ ಓದುತ್ತೇನೆ ಅಂತ ಹೇಳಿ ಚಿತ್ರ ಬರೆಯುತ್ತೇನೆ. ಹೋದ ವರ್ಷ ಊರಿನ ಹಾಕಿ ಟೂರ್ನಮೆಂಟಿಗೆ ಫೋನಿನಲ್ಲೇ ಪೋಸ್ಟರ್ ಮಾಡಿಕೊಟ್ಟೆ, ಎಲ್ಲರಿಗೂ ಇಷ್ಟವಾಯಿತು. ಅವತ್ತಿನಿಂದ ವೆಬ್ ಡಿಸೈನ್ ಕಲಿಯೋಣ ಅನ್ನಿಸುತ್ತಿದೆ.

ಸಂಬಳ ಎಷ್ಟು ಅಂತ ನಾನು ಕೇಳುತ್ತಿಲ್ಲ, ಅದನ್ನು ಯೂಟ್ಯೂಬಿನವರೆಲ್ಲ ಹೇಳಿ ಆಗಿದೆ. ಈ ಕೆಲಸದಲ್ಲಿ ಇರುವವರಿಗೆ ಇದೇ ಯಾಕೆ ಬೇಕು ಅನ್ನಿಸಿತು? ನಿಜವಾದ ಕಾರಣ ಹೇಳಿ. ಅಪ್ಪನಿಗೆ ಏನಾದರೂ ಉತ್ತರ ಕೊಡಬೇಕಲ್ವಾ.

ಗೋಣಿಕೊಪ್ಪ_ಬೋರ್ಡು

ತಮ್ಮಾ, ನನ್ನ ಕಾರಣ ಕೇಳಿದರೆ ನಗುತ್ತೀಯ. ನನಗೆ ಕಂಪ್ಯೂಟರ್ ಮೇಲೆ ಪ್ರೀತಿ ಇರಲಿಲ್ಲ. ಪಾಚಿಯ ಮೇಲೆ ಸಿಟ್ಟಿತ್ತು.

ನಮ್ಮ ಸೋದರಮಾವ ಗೋಣಿಕೊಪ್ಪದಲ್ಲಿ ಬೋರ್ಡ್ ಬರೆಯುತ್ತಿದ್ದರು. ಅಂಗಡಿ, ಲಾರಿ, ಎಸ್ಟೇಟ್ ಗೇಟು, ಏನು ಬಂದರೂ ಸೈ. ರಜೆಯಲ್ಲಿ ಪೇಂಟ್ ಡಬ್ಬ ಹಿಡಿಯುವವಳು ನಾನು. ಸೀಮೆಸುಣ್ಣ ಸವರಿದ ದಾರವನ್ನು ತಗಡಿನ ಮೇಲೆ ಬಿಗಿಯಾಗಿ ಎಳೆದು ಟಪ್ ಅಂತ ಬಿಟ್ಟರೆ ಗೆರೆ ಬೀಳುತ್ತಿತ್ತು. ಮೇಲೊಂದು, ಕೆಳಗೊಂದು, ಅದರ ಕೆಳಗೆ ಇನ್ನೂ ಒಂದು. ಆ ಮೂರನೆಯದು ಒತ್ತಕ್ಷರಕ್ಕೆ. "ಲಕ್ಷ್ಮಿ ಸ್ಟೋರ್ಸ್ ಅಂತ ಬರೆಯೋವಾಗ ಮೊದಲು ಕ್ಷ್ಮಿಗೆ ಜಾಗ ನೋಡು, ಲ ಎಲ್ಲಿ ಬೇಕಾದರೂ ಕೂರುತ್ತೆ" ಅನ್ನುತ್ತಿದ್ದರು.

ಅಷ್ಟು ಕಷ್ಟಪಟ್ಟು ಬರೆದ ಬೋರ್ಡು ನಮ್ಮ ಮಳೆಗೆ ಎಷ್ಟು ದಿನ ತಡೆಯುತ್ತೆ? ಎರಡು ಮಳೆಗಾಲ ಕಳೆದರೆ ಅಂಚಿನಿಂದ ಪಾಚಿ ಹತ್ತುತ್ತಿತ್ತು. ಮಾವ ಮತ್ತೆ ಉಜ್ಜಿ, ಮತ್ತೆ ಬರೆಯಬೇಕು. ಆಮೇಲೆ ಫ್ಲೆಕ್ಸ್ ಬಂತು. ಮಾವ ಬ್ರಷ್ ತೊಳೆದಿಟ್ಟುಬಿಟ್ಟರು.

ನಾನು ಬೆಂಗಳೂರಿಗೆ ಹೋಗಿ ಡೇಟಾ ಎಂಟ್ರಿ ಕೆಲಸಕ್ಕೆ ಸೇರಿದೆ. ಒಂದು ದಿನ ಸುಮ್ನೆ ಬೇಜಾರಿಗೆ ಒಂದು ಪುಟದ ಮೇಲೆ ಮೌಸಿನ ಬಲಗಡೆ ಒತ್ತಿ, "ಇನ್‌ಸ್ಪೆಕ್ಟ್" ಅಂತ ಇದ್ದದ್ದನ್ನು ತೆಗೆದೆ. ಅಕ್ಷರದ ಗಾತ್ರಕ್ಕೆ ಒಂದು ನಂಬರು, ಬಣ್ಣಕ್ಕೆ ಒಂದು ನಂಬರು. ಎರಡು ಸಾಲಿನ ನಡುವಿನ ಜಾಗಕ್ಕೂ ಒಂದು ನಂಬರು, ಲೈನ್ ಹೈಟ್ ಅಂತ. ಅರೆ, ಇದು ಮಾವನ ದಾರ! ನಂಬರ್ ಬದಲಿಸಿದರೆ ಗೆರೆ ಕೆಳಗೆ ಸರಿಯುತ್ತೆ, ಉಜ್ಜುವ ಕೆಲಸವೇ ಇಲ್ಲ. ಈ ನಂಬರುಗಳನ್ನೆಲ್ಲ ಬರೆಯುವ ಭಾಷೆಗೆ ಸಿಎಸ್‌ಎಸ್ ಅಂತಾರೆ, ಅದು 1996ರಲ್ಲೇ ಬಂದಿತ್ತಂತೆ. ನನಗೆ ಸಿಕ್ಕಿದ್ದು ಇಪ್ಪತ್ತು ವರ್ಷ ಕಳೆದ ಮೇಲೆ. ಇವತ್ತಿಗೂ ಇಂಗ್ಲಿಷಿಗೆ ಲೈನ್ ಹೈಟ್ ಅಕ್ಷರದ ಗಾತ್ರದ 1.4 ಪಟ್ಟು ಸಾಕಾಗುವ ಕಡೆ ಕನ್ನಡಕ್ಕೆ ನಾನು 1.7 ಇಡುತ್ತೇನೆ. ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸನ್ನು ತಿವಿಯುತ್ತೆ.

ಆದರೆ ಇದೇ ನನ್ನ ಕೆಲಸ ಅಂತ ಗಟ್ಟಿಯಾದದ್ದು 2018ರ ಆಗಸ್ಟಿನಲ್ಲಿ. ಮಡಿಕೇರಿ ಹತ್ತಿರ ಹೋಂಸ್ಟೇ ನಡೆಸುವ ಅಕ್ಕ ಒಬ್ಬರಿಗೆ ಆಗಷ್ಟೇ ಒಂದು ಸೈಟ್ ಮಾಡಿಕೊಟ್ಟಿದ್ದೆ, ದುಡ್ಡು ತೆಗೆದುಕೊಂಡಿರಲಿಲ್ಲ. ಗುಡ್ಡಗಳು ಜರಿದವು. ಜೋಡುಪಾಲದ ಕಡೆ ರಸ್ತೆ ಬಂದ್. ಸೈಟಿನಲ್ಲಿ ಮಾತ್ರ "ಬನ್ನಿ, ಕೊಡಗಿನ ಮಳೆಯಲ್ಲಿ ಮೈಮರೆಯಿರಿ" ಅಂತ ನಾನೇ ಬರೆದ ಸಾಲು ಕುಣಿಯುತ್ತಿತ್ತು. ಅಲ್ಲಿ ಕರೆಂಟಿಲ್ಲ, ನೆಟ್‌ವರ್ಕ್ ಇದ್ದರೆ ಇತ್ತು. ಎರಡು ದಿನ ಆದ ಮೇಲೆ ಅಕ್ಕನ ಫೋನು ಸಿಕ್ಕಿತು. "ಫಾಲ್ಸ್ ಓಪನ್ ಇದೆಯಾ ಅಂತ ಈಗಲೂ ಯಾರೋ ಕೇಳ್ತಿದ್ದಾರೆ ಕಣೇ. ಇರೋ ಚಾರ್ಜು ಅವರಿಗೇ ಖಾಲಿ ಆಗ್ತಿದೆ" ಅಂದರು.

ಪಿಜಿಯ ಮಂಚದ ಮೇಲೆ ಕೂತು ಫೋಟೋಗಳನ್ನೆಲ್ಲ ತೆಗೆದುಹಾಕಿದೆ. ಹಳದಿ ಮೇಲೆ ಕಪ್ಪು ಅಕ್ಷರ. ಬಸ್ಸಿನಲ್ಲಿ ಹೋಗುವವನಿಗೂ ಕಾಣಬೇಕು ಅಂದರೆ ಮಾವ ಇದನ್ನೇ ಹಾಕುತ್ತಿದ್ದರು. "ರಸ್ತೆ ಬಂದ್. ದಯವಿಟ್ಟು ಬರಬೇಡಿ, ಫೋನ್ ಮಾಡಬೇಡಿ. ಮನೆಯವರೆಲ್ಲ ಕ್ಷೇಮ." ಅಷ್ಟೇ. ಹತ್ತು ನಿಮಿಷದ ಕೆಲಸ. ಹಿಂದೆ ಬಂದು ಉಳಿದಿದ್ದವರು ಅದನ್ನು ನೋಡಿ ಅಕ್ಕಿ, ಕಂಬಳಿ ಎಲ್ಲಿಗೆ ಕಳಿಸಬೇಕು ಅಂತ ನನಗೆ ಮೇಲ್ ಹಾಕಿದರು. ನಾನು ಮಾಡಿದ ಸೈಟುಗಳಲ್ಲಿ ನೋಡೋಕೆ ಅದರಷ್ಟು ಕೆಟ್ಟದು ಇನ್ನೊಂದಿಲ್ಲ. ಅದನ್ನು ಮಾಡಿದವಳು ನಾನು ಅಂತ ಇವತ್ತಿಗೂ ಜಂಬ ಇದೆ. ಮಾವ ಅದನ್ನು ನೋಡಿ, "ಕ್ಷೇಮಕ್ಕೆ ಇನ್ನೊಂದು ಚೂರು ಜಾಗ ಬಿಡಬೇಕಿತ್ತು" ಅಂದರು. ಸರಿಯಾಗೇ ಹೇಳಿದರು.

ಈಗ ಊರಿನಲ್ಲೇ ಇದ್ದೇನೆ. ಕೆಲಸ ಜಾಸ್ತಿ ಹೋಂಸ್ಟೇಗಳದ್ದು. ಎಲ್ಲರೂ ಮಂಜಿನ ಫೋಟೋ ಕಳಿಸುತ್ತಾರೆ, ಅದರ ಮೇಲೆ ಬಿಳಿ ಅಕ್ಷರ ಬೇಕು ಅನ್ನುತ್ತಾರೆ. ಮಂಜೂ ಬಿಳಿ, ಅಕ್ಷರವೂ ಬಿಳಿ! ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರಷ್ಟು ಹೊಳಪಿನ ವ್ಯತ್ಯಾಸ ಇರಬೇಕು ಅಂತ ನಿಯಮವಿದೆ ಅಂತ ಹೇಳಿದರೆ ಯಾರೂ ಕೇಳುವುದಿಲ್ಲ. ಫೋನ್ ಕೊಟ್ಟು ಬಿಸಿಲಿಗೆ ಹೋಗಿ ಓದಿ ಅನ್ನುತ್ತೇನೆ. ಅವರೇ ಬಂದು ಬಣ್ಣ ಬದಲಿಸಿ ಅನ್ನುತ್ತಾರೆ.

ದುಡ್ಡಿನ ವಿಷಯ ನೀನು ಕೇಳಲಿಲ್ಲ, ನಾನೇ ಹೇಳುತ್ತೇನೆ. ಇಲ್ಲಿ ಬಿಲ್ ಕೊಟ್ಟರೆ ಬರುವ ಉತ್ತರ ಒಂದೇ: "ಕಾಫಿ ಕುಯ್ಲು ಮುಗೀಲಿ." ಜೂನ್‌ನಲ್ಲಿ ಮಾಡಿದ ಕೆಲಸಕ್ಕೆ ಫೆಬ್ರವರಿಯಲ್ಲಿ ದುಡ್ಡು ಬಂದದ್ದೂ ಇದೆ. ಒಬ್ಬರು ಅರ್ಧ ದುಡ್ಡು, ಅರ್ಧ ಕರಿಮೆಣಸು ಕೊಟ್ಟರು. ಮೆಣಸು ಚೆನ್ನಾಗಿತ್ತು.

ವಿರಾಜಪೇಟೆ_ಮಾಜಿ

ಮೇಲಿನ ಅಕ್ಕ ಚೆನ್ನಾಗಿ ಬರೆದಿದ್ದಾರೆ. ಆದರೆ ಹುಡುಗನಿಗೆ ಇನ್ನೊಂದು ಕಡೆಯೂ ಗೊತ್ತಿರಲಿ. ನಾನು ಮೂರು ವರ್ಷ ಮಾಡಿ ಬಿಟ್ಟೆ. ಚಿತ್ರ ಬರೆಯುವ ಆಸೆಯಿಂದ ಬಂದವನು ನಾನೂ. ಡಿಸೈನ್ ಮಾಡಿದ್ದಕ್ಕಿಂತ "ಲೋಗೋ ಇನ್ನೂ ಸ್ವಲ್ಪ ದೊಡ್ಡದು ಮಾಡಿ" ಅಂತ ಕೇಳಿಸಿಕೊಂಡದ್ದೇ ಜಾಸ್ತಿ. ಹಳೆಯ "ನುಡಿ" ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿದ ಇಪ್ಪತ್ತು ಪುಟ ಕಳಿಸುತ್ತಾರೆ. ಸೈಟಿಗೆ ಹಾಕಿದರೆ ಪೂರ್ತಿ ಇಂಗ್ಲಿಷ್ ಅಕ್ಷರದ ಕಿಚಡಿ. ಅದನ್ನು ಎಲ್ಲ ಕಡೆ ಕನ್ನಡವಾಗೇ ಕಾಣುವ ಯೂನಿಕೋಡಿಗೆ ಬದಲಿಸಿ, ತಪ್ಪು ತಿದ್ದಿ ಮುಗಿಸುವಷ್ಟರಲ್ಲಿ ನನ್ನೊಳಗಿನ ಕಲಾವಿದ ಮಲಗಿರುತ್ತಿದ್ದ.

ಈಗಂತೂ ರೆಡಿ ಟೆಂಪ್ಲೇಟು, ಎಐ ಎಲ್ಲ ಬಂದಿದೆ. ಬ್ಯಾಂಕ್ ಪರೀಕ್ಷೆ ಬಿಡಬೇಡ.

ಗೋಣಿಕೊಪ್ಪ_ಬೋರ್ಡು

ಅಣ್ಣ ಹೇಳಿದ್ದು ಸುಳ್ಳಲ್ಲ. ಪರೀಕ್ಷೆ ಬರೆಯಲಿ, ಬೇಡ ಅನ್ನಲ್ಲ. ಟೆಂಪ್ಲೇಟ್ ನಾನೂ ಬಳಸುತ್ತೇನೆ. ಆದರೆ ಎಸ್ಟೇಟಿನ ಒಳಗೆ ಒಂದೇ ಒಂದು ಕಡ್ಡಿ ಸಿಗ್ನಲ್‌ನಲ್ಲಿ ಪುಟ ತೆರೆಯಬೇಕು ಅಂತ ಟೆಂಪ್ಲೇಟಿಗೆ ಗೊತ್ತಿಲ್ಲ. ಒಂದೊಂದು ಫೋಟೋ 4 ಎಂಬಿ ಇಟ್ಟರೆ ಇಲ್ಲಿ ಗಾಣ ತಿರುಗಿದ ಹಾಗೆ ತಿರುಗುತ್ತಲೇ ಇರುತ್ತೆ. ಅದನ್ನು 150 ಕೆಬಿಗೆ ಇಳಿಸಿ, ಚೆಂದವೂ ಕೆಡದ ಹಾಗೆ ನೋಡಿಕೊಳ್ಳುವುದೂ ಡಿಸೈನೇ ಅಲ್ವಾ? ನುಡಿಯ ಕಿಚಡಿ ಮಾತ್ರ ನನಗೂ ಬೇಡ, ಅದಕ್ಕೆ ಬೇರೆ ರೇಟು ಹಾಕುತ್ತೇನೆ.

ಕುಶಾಲನಗರ_ಕೋಡು

ನಾನು ಕೋಡಿಂಗ್ ಕಡೆಯವನು, ಚಂದದ ವಿಷಯ ಮಾತಾಡಲ್ಲ. ಪುಟ ಕಟ್ಟುವ ಎಚ್‌ಟಿಎಂಎಲ್, ಅದಕ್ಕೆ ರೂಪ ಕೊಡುವ ಸಿಎಸ್‌ಎಸ್ ಎರಡನ್ನೂ ಕೈಯಲ್ಲೇ ಬರೆದು ಕಲಿ, ಕೋರ್ಸಿಗೆ ದುಡ್ಡು ಸುರಿಯಬೇಡ. ನೋಟೋ ಸ್ಯಾನ್ಸ್ ಕನ್ನಡ, ಬಾಲೂ ತಮ್ಮ, ಅನೇಕ್ ಕನ್ನಡ ಇವೆಲ್ಲ ಪುಕ್ಕಟೆ ಸಿಗುವ ಫಾಂಟುಗಳು. ಅಪ್ಪನ ಅಂಗಡಿಗೇ ಒಂದು ಪುಟ ಮಾಡು. ಅವರಿಗೆ ಅದಕ್ಕಿಂತ ಒಳ್ಳೆಯ ಉತ್ತರ ಬೇಕಾ?

ಶನಿವಾರಸಂತೆ_ಹುಡುಗ

ಎಲ್ಲರಿಗೂ ಥ್ಯಾಂಕ್ಸ್. ಪರೀಕ್ಷೆಗೂ ಕಟ್ಟಿದ್ದೇನೆ, ವಿರಾಜಪೇಟೆ ಅಣ್ಣ ಬೈಯಬೇಡಿ. ಅಂಗಡಿಯ ಪುಟ ಶುರು ಮಾಡಿದೆ. ಅಪ್ಪ ನೋಡಿ, "ಪೈಪಿನ ರೇಟು ದಿನಾ ಬದಲಾಗುತ್ತೆ, ಅದನ್ನು ಇದರಲ್ಲಿ ಬದಲಿಸಬಹುದಾ?" ಅಂತ ಕೇಳಿದರು. ಹೌದು ಅಂದೆ. ಮತ್ತೆ ಏನೂ ಹೇಳಲಿಲ್ಲ. ರಾತ್ರಿ ಅಮ್ಮನ ಹತ್ತಿರ ಮಾತ್ರ ಏನೋ ಹೇಳುತ್ತಿದ್ದರು.

ಅಕ್ಕ, ನಿಮ್ಮ ಮಾವ ಬರೆದ ಬೋರ್ಡು ಈಗ ಎಲ್ಲಾದರೂ ಉಳಿದಿದೆಯಾ?

ಗೋಣಿಕೊಪ್ಪ_ಬೋರ್ಡು

ಒಂದಿದೆ. ಒಬ್ಬರ ಎಸ್ಟೇಟ್ ಗೇಟಿನಲ್ಲಿ. ಅರ್ಧ ಪಾಚಿ, ಆದರೂ ಕ್ಷ್ಮಿ ಓದೋಕೆ ಬರುತ್ತೆ. ನಿಮ್ಮ ಊರಿನ ಬಸ್‌ಸ್ಟ್ಯಾಂಡಿನ ಸುತ್ತ ಕೈಯಲ್ಲಿ ಬರೆದ ಬೋರ್ಡು ಇದ್ದರೆ ಫೋಟೋ ತೆಗೆದಿಡು. ಮಳೆ ಬರುವಾಗ ರಸ್ತೆಯ ಆಚೆ ನಿಂತು ತೆಗಿ. ಆಗ ಯಾವುದು ಓದೋಕೆ ಆಗುತ್ತೆ, ಯಾವುದು ಆಗಲ್ಲ ಅಂತ ಬರೆದು ಹಾಕು. ಪುಟದ ಲೈನ್ ಹೈಟ್ ಆಮೇಲೆ ನೋಡೋಣ.