ಮೂವತ್ತಾರನೆಯ ವಯಸ್ಸಿನಲ್ಲಿ ಎಂಎಂಎ ತರಬೇತಿಗೆ ಸೇರಬಹುದೇ?

ಬಿಜೈ ನಿವಾಸಿ:
ಎಲ್ಲರಿಗೂ ನಮಸ್ಕಾರ. ನಾನು ಹಂಪನಕಟ್ಟೆಯ ಬ್ಯಾಂಕೊಂದರಲ್ಲಿ ಉದ್ಯೋಗಿ. ಶಾಲೆಯಲ್ಲಿದ್ದಾಗ ಕರಾಟೆ ಕಲಿತು ಕಂದು ಬೆಲ್ಟ್‌ವರೆಗೆ ಬಂದಿದ್ದೆ. ಪಿಯುಸಿ ಸೇರಿದ ಮೇಲೆ ಬಿಟ್ಟುಹೋಯಿತು. ಈಗ ಮನೆಯ ಹತ್ತಿರದ ಜಿಮ್ಮಿನಲ್ಲಿ ಸಂಜೆ ಏಳಕ್ಕೆ ಎಂಎಂಎ, ಅಂದರೆ ಗುದ್ದು, ಒದೆತ, ಕುಸ್ತಿಯ ಹಿಡಿತ ಎಲ್ಲವೂ ಸೇರಿದ ಮಿಶ್ರ ಸಮರಕಲೆಯ ತರಗತಿ ನಡೆಯುತ್ತಿದೆ. 2024ರ ಜೂನ್‌ನಲ್ಲಿ ಪೂಜಾ ತೋಮರ್ ಎಂಎಂಎಯ ದೊಡ್ಡ ಅಂತರರಾಷ್ಟ್ರೀಯ ಸ್ಪರ್ಧೆಯಾದ ಯುಎಫ್‌ಸಿಯಲ್ಲಿ ಗೆದ್ದ ಮೊದಲ ಭಾರತೀಯ ಮಹಿಳೆಯಾದಾಗಿನಿಂದ ನನ್ನ ಮನಸ್ಸು ಈ ಕಡೆಗೇ ಎಳೆಯುತ್ತಿದೆ. ಸ್ಪರ್ಧಿಸುವ ಆಸೆಯಿಲ್ಲ, ಸರಿಯಾಗಿ ಕಲಿಯುವ ಆಸೆಯಿದೆ. ಆದರೆ ಹಿಂದೊಮ್ಮೆ ಕ್ರಿಕೆಟ್ ಆಡುವಾಗ ಎಡ ಮೊಣಕಾಲು ತಿರುಚಿತ್ತು, ಮನೆಯವಳಿಗೂ ತಲೆಗೆ ಪೆಟ್ಟು ಬಿದ್ದರೆ ಎಂಬ ಭಯವಿದೆ. ಶುಲ್ಕ ಕಟ್ಟುವ ಮೊದಲು ಏನನ್ನು ಗಮನಿಸಬೇಕೆಂದು ತಿಳಿದವರು ಹೇಳಬೇಕಾಗಿ ವಿನಂತಿ.

ಸುರತ್ಕಲ್‌ನ ಅಭ್ಯಾಸಿ:
ಖಂಡಿತ ಸೇರಬಹುದು. ನಾನು ಆರಂಭಿಸಿದ್ದು 33ಕ್ಕೆ, ಅದೂ ಕರಾಟೆಯ ಹಿನ್ನೆಲೆಯಿಂದಲೇ. ಕರಾಟೆಯಲ್ಲಿ ಒಂದು ಕೈ ಗುದ್ದುವಾಗ ಇನ್ನೊಂದು ಕೈಯನ್ನು ಸೊಂಟಕ್ಕೆ ಎಳೆದುಕೊಳ್ಳುವುದು ನಮಗೆ ರೂಢಿಯಾಗಿರುತ್ತದೆ. ಇಲ್ಲಿ ಆ ಕೈ ಗಲ್ಲದ ಬಳಿಯೇ ಇರಬೇಕು. ಈ ಒಂದು ಅಭ್ಯಾಸವನ್ನು ಬಿಡುವುದಕ್ಕೆ ನನಗೆ ನಾಲ್ಕು ತಿಂಗಳು ಹಿಡಿಯಿತು.

ನಿಜವಾಗಿ ಹೊಸದೆನಿಸುವುದು ನೆಲದ ಮೇಲಿನ ಹಿಡಿತಗಳು. ಮೊದಲ ವಾರ ನನಗಿಂತ ಹತ್ತು ಕಿಲೋ ಹಗುರವಾದ ಹುಡುಗನೊಬ್ಬ ಬೆನ್ನೇರಿ ಕುತ್ತಿಗೆಗೆ ತೋಳು ಸುತ್ತಿದಾಗ ಬಿಡಿಸಿಕೊಳ್ಳಲು ಒದ್ದಾಡಿದೆ, ಕಣ್ಣಿಗೆ ಕತ್ತಲೆ ಕಟ್ಟುವಷ್ಟರಲ್ಲಿ ಅವನ ತೋಳಿಗೆ ಎರಡು ಬಾರಿ ತಟ್ಟಿದೆ, ಅವನು ತಕ್ಷಣ ಬಿಟ್ಟ. ಹಾಗೆ ತಟ್ಟುವುದಕ್ಕೆ ‘ಟ್ಯಾಪ್’ ಎನ್ನುತ್ತಾರೆ. ಆದ್ದರಿಂದ ನೀವು ಶುಲ್ಕ ಕಟ್ಟುವ ಮೊದಲು ಒಂದು ತರಗತಿಯನ್ನು ಪೂರ್ತಿ ಕುಳಿತು ನೋಡಿ: ಟ್ಯಾಪ್ ಮಾಡಿದ ಕೂಡಲೇ ಹಿಡಿತ ಸಡಿಲವಾಗುತ್ತದೆಯೇ, ಹೊಸಬರನ್ನು ಮೊದಲ ದಿನವೇ ಬಿರುಸಿನ ಸ್ಪಾರಿಂಗ್‌ಗೆ (ಜೊತೆಗಾರನೊಡನೆ ಅಭ್ಯಾಸದ ಕಾದಾಟಕ್ಕೆ) ಇಳಿಸುತ್ತಾರೆಯೇ, ಹದಿನಾರು ಔನ್ಸಿನ ದಪ್ಪ ಗ್ಲೌಸ್ ಮತ್ತು ಮೌತ್‌ಗಾರ್ಡ್ ಇಲ್ಲದೆ ಮುಖಕ್ಕೆ ಗುದ್ದಲು ಬಿಡುತ್ತಾರೆಯೇ ಎಂಬುದು ಒಂದೇ ಸಂಜೆಯಲ್ಲಿ ತಿಳಿಯುತ್ತದೆ. ನಾನು ಮೊದಲು ಸೇರಿದ್ದ ಜಾಗದಲ್ಲಿ ಇದಾವುದನ್ನೂ ನೋಡದೆ ಮೂರು ತಿಂಗಳ ಹಣ ಕಟ್ಟಿ, ಎರಡನೆಯ ವಾರವೇ ಮೂಗಿಗೆ ಪೆಟ್ಟು ತಿಂದು ಹೊರಬಂದೆ.

ಕಂಕನಾಡಿಯ ಫಿಸಿಯೋಥೆರಪಿಸ್ಟ್:
ಮೊಣಕಾಲಿನ ವಿಷಯವನ್ನು ತರಬೇತುದಾರರಿಗೆ ಮೊದಲೇ ಹೇಳಿ, ಸೇರುವ ಮುನ್ನ ಒಮ್ಮೆ ಪರೀಕ್ಷಿಸಿಕೊಳ್ಳಿ. ಹಿಮ್ಮಡಿ ಹಿಡಿದು ಕಾಲನ್ನು ತಿರುಚುವ ‘ಹೀಲ್ ಹುಕ್’ ಹಿಡಿತವನ್ನು ನಿಮ್ಮ ಮೇಲೆ ಯಾರೂ ಪ್ರಯೋಗಿಸದಂತೆ ಸ್ಪಷ್ಟವಾಗಿ ಕೇಳಿಕೊಳ್ಳಿ. ಅದರಲ್ಲಿ ನೋವು ಗೊತ್ತಾಗುವ ಮೊದಲೇ ಅಸ್ಥಿರಜ್ಜು (ಲಿಗಮೆಂಟ್) ಹರಿದಿರಬಹುದು. ಮನೆಯವರ ಭಯ ಸಕಾರಣವಾದದ್ದು. ಪೆಟ್ಟಿನ ನಂತರ ತಲೆಸುತ್ತು, ವಾಕರಿಕೆ ಅಥವಾ ಮಂಕು ಕಂಡರೆ ಆ ದಿನ ಅಭ್ಯಾಸ ನಿಲ್ಲಿಸಿ, ವೈದ್ಯರು ಒಪ್ಪುವವರೆಗೆ ಸ್ಪಾರಿಂಗ್ ಮಾಡಬಾರದು.

ಉಡುಪಿಯ ಅಭ್ಯಾಸಿ:
ನಮ್ಮ ಕರಾವಳಿಯಲ್ಲಿ ಮತ್ತೊಂದು ತೊಂದರೆ ಇದೆ, ಅದು ಗಜಕರ್ಣ. ಬೆವರು, ಸೆಕೆ, ಒಬ್ಬರ ಚರ್ಮಕ್ಕೆ ಇನ್ನೊಬ್ಬರ ಚರ್ಮ ಉಜ್ಜುವ ಆಟ. ಮಳೆಗಾಲದಲ್ಲಂತೂ ಒಗೆದ ಬಟ್ಟೆ ಎರಡು ದಿನವಾದರೂ ಒಣಗುವುದಿಲ್ಲ. ಕಳೆದ ಜುಲೈಯಲ್ಲಿ ಅರೆ ಒದ್ದೆಯಾಗಿದ್ದ ಬಟ್ಟೆಯನ್ನೇ ಹಾಕಿಕೊಂಡು ಹೋಗಿ ಮುಂಗೈಯಲ್ಲಿ ದುಂಡಗಿನ ಕೆಂಪು ಉಂಗುರ ಎದ್ದು ಒಂದು ತಿಂಗಳು ಮುಲಾಮು ಹಚ್ಚಬೇಕಾಯಿತು. ಮೂರು ಜೊತೆ ಬಟ್ಟೆ ಇಟ್ಟುಕೊಳ್ಳಿ, ಮನೆಗೆ ಬಂದೊಡನೆ ಸಾಬೂನು ಹಚ್ಚಿ ಸ್ನಾನ ಮಾಡಿ. ಮ್ಯಾಟನ್ನು ಪ್ರತಿದಿನ ಕ್ರಿಮಿನಾಶಕದಿಂದ ಒರೆಸುತ್ತಾರೆಯೇ ಎಂದೂ ಕೇಳಿ.

ಬಿಜೈ ನಿವಾಸಿ:
ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಮೊಣಕಾಲಿನ ಪರೀಕ್ಷೆಗೆ ಸಮಯ ಕೇಳಿದ್ದೇನೆ. ಶನಿವಾರದ ತರಗತಿ ನೋಡಲು ಮನೆಯವಳನ್ನೂ ಕರೆದುಕೊಂಡು ಹೋಗುತ್ತೇನೆ. ಟ್ಯಾಪ್ ಮಾಡಿದೊಡನೆ ಹಿಡಿತ ಬಿಡುವುದನ್ನು ಅವಳೂ ಕಣ್ಣಾರೆ ನೋಡಲಿ.