‘ಬೇಚರಾಕ್’ ಗ್ರಾಮಕ್ಕೆ ‘ಹಾಳೂರು’ ಎನ್ನಬಹುದೇ?

ಹಳೆಯ ಮೈಸೂರು ಸಂಸ್ಥಾನದ ಕಡೂರು ಜಿಲ್ಲೆಯ, ಅಂದರೆ ಇಂದಿನ ಚಿಕ್ಕಮಗಳೂರು ಜಿಲ್ಲೆಯ, ಗ್ರಾಮಪಟ್ಟಿಗಳಿಗೆ ತಿಳಿಗನ್ನಡದಲ್ಲಿ ಅರ್ಥಕೋಶವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಇಂಥ ಪಟ್ಟಿಗಳನ್ನು ಓದುವಾಗ, ಜನವಸತಿಯಿಲ್ಲದ ಗ್ರಾಮವನ್ನು ಸೂಚಿಸುವ ‘ಬೇಚರಾಕ್’ (ಕೆಲವೆಡೆ ‘ಬೇಚಿರಾಕ್’) ಎಂಬ ಪದ ನನ್ನನ್ನು ತಡೆದು ನಿಲ್ಲಿಸಿದೆ.

ಪದದ ಮೂಲದ ಬಗ್ಗೆ ಸಂಶಯವಿಲ್ಲ. ಪಾರಸಿಯಲ್ಲಿ ‘ಚಿರಾಗ್’ ಎಂದರೆ ದೀಪ. ‘ಬೇಜವಾಬ್ದಾರಿ’ಯಲ್ಲಿರುವ ‘ಬೇ’ಯೇ ಇಲ್ಲಿಯೂ ಇದೆ. ದೀಪವಿಲ್ಲದ್ದು, ದೀಪ ಹಚ್ಚುವವರಿಲ್ಲದ ಊರು. ಕಂದಾಯದ ಲೆಕ್ಕದಲ್ಲಿ ಇಷ್ಟು ಮನ ಕಲಕುವ ಇನ್ನೊಂದು ಪದವನ್ನು ನಾನು ಕಂಡಿಲ್ಲ.

ತೊಡಕಿರುವುದು ಅದರ ಬಳಕೆಯಲ್ಲಿ. ಪರಿಚಿತರೊಬ್ಬರು ಇದಕ್ಕೆ ‘ಹಾಳೂರು’ ಎಂದು ಬರೆಯಲು ಸೂಚಿಸಿದರು. ನನಗೆ ಅದು ಒಪ್ಪಿಗೆಯಾಗಿಲ್ಲ. ‘ಹಾಳೂರಿಗೆ ಉಳಿದವನೇ ಗೌಡ’ ಎಂಬ ಗಾದೆಯ ಹಾಳೂರಿನಲ್ಲಿ ಎಲ್ಲವೂ ಮುಗಿದಿದೆ. ಬೇಚರಾಕ್ ಗ್ರಾಮದಲ್ಲಿ ಮನೆಗಳಿಲ್ಲವೇ ಹೊರತು ಎಲ್ಲೆಯಿದೆ, ಸರ್ವೆ ನಂಬರುಗಳಿವೆ, ಖುಷ್ಕಿ (ಮಳೆಯಾಶ್ರಿತ), ತರಿ (ನೀರಾವರಿ), ಬಾಗಾಯ್ತು (ತೋಟ) ಎಂದು ವಿಂಗಡಿಸಿದ ಜಮೀನಿದೆ, ಕಂದಾಯವೂ ಇದೆ. ನಮ್ಮ ಮನೆತನದ ಹೊಲವೇ ಅಂಥದೊಂದು ಗ್ರಾಮದಲ್ಲಿದೆ. ಪಹಣಿಯಲ್ಲಿರುವ ಊರಿನ ಹೆಸರಿನಲ್ಲಿ ಈಗ ಒಂದು ಮನೆಯೂ ಇಲ್ಲ. ತಿಟ್ಟಿನ ಮೇಲೆ ಮಾರಮ್ಮನ ಗುಡಿ, ಪಕ್ಕದಲ್ಲಿ ಕಲ್ಲು ಕಟ್ಟಿದ ಹಳೆಯ ಬಾವಿ, ಸುತ್ತ ರಾಗಿ ಹೊಲ. ಉಳುವವರೆಲ್ಲರೂ ಪಕ್ಕದ ಊರಿನಿಂದ ಹೋಗುವ ನಾವೇ. ಇದನ್ನು ಹಾಳೂರು ಎನ್ನಲು ನಾಲಿಗೆ ಏಳುವುದಿಲ್ಲ.

ಇದರ ಜೊತೆಗೆ ‘ಮಜರೆ’ಯನ್ನೂ ಇಟ್ಟು ನೋಡಬೇಕು. ಅರಬ್ಬಿಯ ‘ಮಜ್ರಾ’ ಎಂದರೆ ಬಿತ್ತಿದ ನೆಲ. ನಮ್ಮಲ್ಲಿ ಅದು ಮುಖ್ಯ ಗ್ರಾಮಕ್ಕೆ ಸೇರಿದ ಸಣ್ಣ ಜನವಸತಿಯಾಗಿದೆ. ಬಿತ್ತನೆಯನ್ನು ಹೇಳುತ್ತಿದ್ದ ಪದ ಮನೆಗಳಿಗೆ ಬಂದಿತು, ಮನೆಯ ದೀಪವನ್ನು ಹೇಳುವ ಪದ ಬರಿಯ ಬಿತ್ತನೆಯ ನೆಲಕ್ಕೆ ಉಳಿಯಿತು. ಹೀಗಿರುವಾಗ ಮೂಲಾರ್ಥವನ್ನು ಮಾತ್ರ ಕೊಟ್ಟರೆ ಓದುಗರು ದಾರಿ ತಪ್ಪುತ್ತಾರೆ.

ಕಡೂರು, ತರೀಕೆರೆಯ ಬಯಲು ಭಾಗದಲ್ಲಿ ಮನೆಗಳು ಒತ್ತಾಗಿರುವುದರಿಂದ ಊರು ಖಾಲಿಯಾದದ್ದು ಕಣ್ಣಿಗೆ ಕಾಣುತ್ತದೆ. ಕೊಪ್ಪ, ಶೃಂಗೇರಿಯ ಮಲೆನಾಡಿನಲ್ಲಿ ಗ್ರಾಮವೆಂದರೆ ತೋಟಕ್ಕೊಂದು, ಗದ್ದೆಯ ಅಂಚಿಗೊಂದು ಎಂಬಂತೆ ಚದುರಿದ ಒಂಟಿ ಮನೆಗಳಿಗೆಲ್ಲ ಸೇರಿ ಇಟ್ಟ ಹೆಸರು. ಅಲ್ಲಿ ಕೊನೆಯ ಮನೆಯವರು ಹೋದ ಮೇಲೆಯೂ ಊರಿನವರು ಆ ಜಾಗವನ್ನು ಬೇಚರಾಕ್ ಎನ್ನುತ್ತಾರೆಯೇ, ಅಥವಾ ಅವರಿಗೆ ಬೇರೆ ಮಾತಿದೆಯೇ?

‘ನಿರ್ಜನ ಗ್ರಾಮ’ ಎಂಬುದು ಕಾಡನ್ನು ನೆನಪಿಸುತ್ತದೆ. ‘ಜನವಸತಿಯಿಲ್ಲದ ಗ್ರಾಮ’ ಸರಿಯಾಗಿದೆ, ಆದರೆ ವಿವರಣೆಯಾಯಿತೇ ಹೊರತು ಪದವಾಗಲಿಲ್ಲ. ‘ಬೇಚರಾಕ್’ ಅನ್ನೇ ಉಳಿಸಿಕೊಂಡು ಅರ್ಥ ಬರೆಯುವುದು ನನ್ನ ಒಲವು. ಶಾನುಭೋಗರ ಮನೆತನದವರು ಅಥವಾ ಹಳೆಯ ಖಾತೆಪುಸ್ತಕಗಳನ್ನು ಬಲ್ಲವರು, ಬಾಯಿಮಾತಿನಲ್ಲಿ ಇದಕ್ಕೆ ಅಚ್ಚಗನ್ನಡದ ಪದವನ್ನು ಕೇಳಿದ್ದರೆ, ಯಾವ ತಾಲ್ಲೂಕಿನಲ್ಲಿ, ಯಾರ ಬಾಯಲ್ಲಿ ಎಂಬುದನ್ನೂ ಸೇರಿಸಿ ತಿಳಿಸಬೇಕಾಗಿ ವಿನಂತಿ.